ಬದು ದಾಟಲು ಹತ್ತೊಂಬತ್ತು ದಿನ

ಹೋದ ವಾರ ಊರಿಗೆ ಹೋದಾಗ ಅಡಿಕೆ ಗಿಡಗಳನ್ನು ಮತ್ತೆ ಎಣಿಸಿದೆ. 312. ಎಣಿಸುವ ಅಗತ್ಯವೇನೂ ಇರಲಿಲ್ಲ. ಹೋದ ಸಲ ಎಣಿಸಿದಾಗಲೂ 312 ಇತ್ತು, ಅದರ ಹಿಂದಿನ ಸಲವೂ ಅಷ್ಟೇ. ಆದರೂ ಬದುವಿನ ಪಕ್ಕದ ಸಾಲಿಗೆ ಬಂದ ಕೂಡಲೇ ಬೆರಳು ತಾನಾಗಿಯೇ ಎಣಿಸೋಕೆ ಶುರು ಮಾಡುತ್ತದೆ. 2023ರ ಜುಲೈನಲ್ಲಿ ನೆಟ್ಟಿದ್ದು 500. ಹೋದ 188ರಲ್ಲಿ ಒಂದಿಷ್ಟನ್ನು ಹುಳ ತಿಂದಿತು, ಒಂದಿಷ್ಟನ್ನು ದನ ತುಳಿದವು. ಅದಕ್ಕೆ ಬೇಜಾರಿಲ್ಲ, ಯಾರ ತೋಟದಲ್ಲಾದರೂ ಆಗುವಂಥದ್ದೇ. ಉಳಿದವು ಒಣಗಿದ್ದು ನಾನು ಒಂದು ಮಾತು ಕೇಳದೇ ಇದ್ದುದಕ್ಕೆ. "ದೊಡ್ಡಪ್ಪ, ಸ್ವಲ್ಪ ನೀರು ಬಿಡ್ತೀರಾ?" ಇಷ್ಟೇ ಮಾತು. ಇದನ್ನು ಕೇಳೋಕೆ ನನಗೆ 19 ದಿನ ಹಿಡಿಯಿತು.

ನಾನು ದಾವಣಗೆರೆಯ ಒಂದು ಬಿ.ಇಡಿ. ಕಾಲೇಜಿನಲ್ಲಿ ಶಿಕ್ಷಣ ಮನೋವಿಜ್ಞಾನ ಹೇಳುವವನು. ಗುರಿ, ಪ್ರೇರಣೆ, ಛಲ ಎಲ್ಲ ನನ್ನ ಪಾಠದಲ್ಲೇ ಬರುತ್ತವೆ. ವರ್ಷ ವರ್ಷ ಬೋರ್ಡಿನ ಮೇಲೆ ಒಂದು ಏಣಿ ಬರೆದು, ತುದಿಯಲ್ಲಿ ಬಾವುಟ ಸಿಕ್ಕಿಸಿ, ಗುರಿ ಮುಟ್ಟೋದು ಹೇಗೆ ಅಂತ ಒಂದು ಗಂಟೆ ಮಾತಾಡಿ ಬರುತ್ತೇನೆ. ಆ ಚಿತ್ರದಲ್ಲಿ ಏಣಿ ಹತ್ತುವವನು ಯಾವಾಗಲೂ ಒಬ್ಬನೇ. ಕೆಳಗೆ ಏಣಿ ಹಿಡಿದುಕೊಂಡು ನಿಂತವನನ್ನು ನಾನು ಒಂದು ದಿನವೂ ಬರೆದಿಲ್ಲ.

ನಮ್ಮೂರು ಸಂತೆಬೆನ್ನೂರಿನಿಂದ ಸ್ವಲ್ಪ ಒಳಗೆ. ಅಪ್ಪ ಇರುವ ತನಕ ಆ ಹೊಲದಲ್ಲಿ ಮೆಕ್ಕೆಜೋಳ. ಅಪ್ಪ ಹೋದ ಮೇಲೆ ಒಂದೆಕರೆಗೆ ಅಡಿಕೆ ಹಾಕೋಣ ಅಂತ ತಲೆಗೆ ಬಂತು. ಸುತ್ತಮುತ್ತ ಎಲ್ಲರೂ ಹಾಕಿದ್ದರು ಅನ್ನೋದೂ ಒಂದು ಕಾರಣ, ಸುಳ್ಳು ಯಾಕೆ ಹೇಳಲಿ. ಫಸಲು ಬರೋಕೆ ಐದಾರು ವರ್ಷ. ನಾನು ರಿಟೈರ್ ಆಗೋ ಹೊತ್ತಿಗೆ ತೋಟ ಕೈಗೆ ಬರುತ್ತದೆ ಅನ್ನೋ ಲೆಕ್ಕ. ಸಸಿ ನೆಟ್ಟು ಬಂದ ಸೋಮವಾರ ಸ್ಟಾಫ್ ರೂಮಿಗೆ ಮಂಡಕ್ಕಿ ಮಿರ್ಚಿ ತರಿಸಿ ಎಲ್ಲರಿಗೂ ಹೇಳಿದೆ. ಅವತ್ತಿನಿಂದ ನನ್ನ ಹೆಸರು ಅಡಿಕೆ ಸಾಹುಕಾರ್ರು ಅಂತ ಆಯಿತು. ಪೀಟರ್ ಗೋಲ್‌ವಿಟ್ಸರ್ ಅನ್ನುವ ಜರ್ಮನ್ ಮನೋವಿಜ್ಞಾನಿ ಮತ್ತು ಅವರ ಜೊತೆಯವರು 2009ರಲ್ಲಿ ಇಂಥದ್ದನ್ನೇ ಪರೀಕ್ಷೆ ಮಾಡಿ ಬರೆದಿದ್ದಾರೆ. ನಾನು ಇಂಥವನಾಗಬೇಕು ಅಂತ ಹೇಳಿಕೊಂಡು, ಅದನ್ನು ಇನ್ನೊಬ್ಬರು ಕೇಳಿಸಿಕೊಂಡು ಹೂಂ ಅಂದುಬಿಟ್ಟರೆ, ಆಮೇಲೆ ಅದಕ್ಕಾಗಿ ಮೈ ಬಗ್ಗಿಸುವುದು ಕಡಿಮೆಯಾಗುತ್ತದಂತೆ. ಆಗಲೇ ಆಗಿಬಿಟ್ಟೆ ಅಂತ ಮನಸ್ಸು ಅಂದುಕೊಳ್ಳುತ್ತದೆ. ಅವರು ನೋಡಿದವರಲ್ಲಿ ಕಾನೂನು ಓದುವ ಹುಡುಗರೂ ಇದ್ದರು. ನನ್ನೊಬ್ಬನನ್ನು ನೋಡಿದ್ದರೂ ಸಾಕಿತ್ತು. ಜುಲೈನಲ್ಲೇ ನಾನು ಸಾಹುಕಾರ. ಬೇಸಿಗೆಯ ನೀರಿನ ಯೋಚನೆ ಮಾಡೋರು ಯಾರು?

ಆ ವರ್ಷ ಮಳೆ ಕೈಕೊಟ್ಟದ್ದು ನಿಮಗೆ ಗೊತ್ತೇ ಇದೆ. 2024ರ ಮಾರ್ಚ್ ಮೊದಲ ವಾರಕ್ಕೆ ನಮ್ಮ ಬೋರು ಗಾಳಿ ಉಗುಳತೊಡಗಿತು. ಮೋಟಾರ್ ಹಾಕಿದರೆ ಹತ್ತು ನಿಮಿಷ ನೀರು, ಆಮೇಲೆ ಬುಸ್ ಅಂತ ಬರೀ ಸದ್ದು. ಚನ್ನಗಿರಿ ಕಡೆಯ ರಸ್ತೆಯಲ್ಲಿ ಹಗಲು ರಾತ್ರಿ ಟ್ಯಾಂಕರ್ ಓಡುತ್ತಿದ್ದವು. ನಾನೂ ನಾಲ್ಕು ಲೋಡ್ ಹಾಕಿಸಿದೆ. ಐದನೆಯದಕ್ಕೆ ಟ್ಯಾಂಕರ್‌ನವನು ಫೋನೇ ಎತ್ತಲಿಲ್ಲ. ನಮ್ಮ ಬದುವಿನಿಂದ ಇಪ್ಪತ್ತು ಹೆಜ್ಜೆ ಆಚೆಗೆ ದೊಡ್ಡಪ್ಪನ ಬೋರು. ಎರಡು ಇಂಚು ನೀರು. ರಾತ್ರಿ ತ್ರೀಫೇಸ್ ಕರೆಂಟು ಬಂದ ಕೂಡಲೇ ಅವರ ಬಾಳೆಗೆ ನೀರು ಬೀಳುವ ಸದ್ದು ನಮ್ಮ ಹೊಲಕ್ಕೆ ಕೇಳಿಸುತ್ತಿತ್ತು.

ಯಾರ ಹಂಗೂ ಬೇಡ

ದೊಡ್ಡಪ್ಪ ಅಂದರೆ ಸ್ವಂತ ದೊಡ್ಡಪ್ಪ ಅಲ್ಲ, ಪಕ್ಕದ ಹೊಲದವರು. ಬದುವಿನ ಮೇಲೆ ಒಂದು ಬೇವಿನ ಮರ ಇದೆ. 1998ರಲ್ಲಿ ಅದು ಯಾರ ಮರ, ಕಡಿದರೆ ದುಡ್ಡು ಯಾರಿಗೆ ಅಂತ ಮಾತಿಗೆ ಮಾತು ಬೆಳೆದು, ಅಪ್ಪನೂ ಅವರೂ ಮಾತು ಬಿಟ್ಟರು. ಮರವನ್ನು ಕೊನೆಗೂ ಯಾರೂ ಕಡಿಯಲಿಲ್ಲ. ಇಬ್ಬರೂ ಅದರ ನೆರಳಲ್ಲೇ ಒಬ್ಬರು ಈ ಕಡೆ, ಒಬ್ಬರು ಆ ಕಡೆ ಕೂತು 20 ವರ್ಷಕ್ಕೂ ಹೆಚ್ಚು ಕಾಲ ಬುತ್ತಿ ಉಂಡರು. ಬೆನ್ನಿಗೆ ಬೆನ್ನು. ಅಪ್ಪ ತೀರಿಕೊಂಡಾಗ ಅವರು ಮಣ್ಣಿಗೆ ಬಂದಿದ್ದರು. ಒಂದು ಹಿಡಿ ಮಣ್ಣು ಹಾಕಿ, ಯಾರನ್ನೂ ಮಾತಾಡಿಸದೆ, ಟವೆಲ್ ಕೊಡವಿ ಹೆಗಲ ಮೇಲೆ ಹಾಕಿಕೊಂಡು ಹೋದರು.

ಅಪ್ಪನ ಬಾಯಲ್ಲಿ ಸದಾ ಒಂದೇ ಮಾತು. ಯಾರ ಹಂಗೂ ಬೇಡ. ಸಂತೆಗೆ ಹೋಗುವಾಗ ಬೇರೆಯವರ ಟ್ರ್ಯಾಕ್ಟರ್‌ನಲ್ಲಿ ಜಾಗ ಇದ್ದರೂ ನಡೆದೇ ಹೋಗುತ್ತಿದ್ದ. ಒಂದು ಸಲ ನಮ್ಮ ಮನೆಯಲ್ಲಿ ಬೆಂಕಿಪೊಟ್ಟಣ ಮುಗಿದಿತ್ತು. ಅವ್ವ ಪಕ್ಕದ ಮನೆಗೆ ಹೊರಟರೆ ತಡೆದು, ಕತ್ತಲಲ್ಲಿ ಅಂಗಡಿ ತನಕ ಹೋಗಿ, ಅಂಗಡಿಯವನನ್ನು ನಿದ್ದೆಯಿಂದ ಎಬ್ಬಿಸಿ ತಂದ. ಅಂಗಡಿಯವನ ನಿದ್ದೆ ಕೆಡಿಸಬಹುದು, ಯಾಕಂದರೆ ಅಲ್ಲಿ ದುಡ್ಡು ಕೊಡುತ್ತೇವೆ! ಸಾಲವಾದರೆ ತೀರಿಸಬಹುದು, ಹಂಗು ತೀರುವುದಿಲ್ಲ ಅನ್ನೋದು ಅವನ ಲೆಕ್ಕ. ಅದು ಕೊಟ್ಟವನ ಮನಸ್ಸಿನಲ್ಲಿ ಇರುತ್ತದೋ ಇಲ್ಲವೋ, ಇಸ್ಕೊಂಡವನ ಬೆನ್ನ ಮೇಲಂತೂ ಇರುತ್ತದೆ. ನಮ್ಮ ಮಾತುಗಳನ್ನೇ ನೋಡಿ. ಕೈಚಾಚುವುದು, ಹಲ್ಲು ಗಿಂಜುವುದು, ಅಂಗಲಾಚುವುದು, ಗೋಗರೆಯುವುದು, ದಮ್ಮಯ್ಯ ಅನ್ನುವುದು. ಸಹಾಯ ಕೇಳುವುದಕ್ಕೆ ಇಷ್ಟೊಂದು ಮಾತಿವೆ, ಒಂದರಲ್ಲೂ ಕೇಳುವವನು ನೆಟ್ಟಗೆ ನಿಂತಿಲ್ಲ.

ಹಾಗಂತ ಅಪ್ಪ ಯಾರನ್ನೂ ಯಾವತ್ತೂ ಕರೆಯುತ್ತಿರಲಿಲ್ಲ ಅಂತಲ್ಲ. ನಾನು ಸಣ್ಣವನಿದ್ದಾಗ ಮುಯ್ಯಾಳು ಇನ್ನೂ ಇತ್ತು. ಕೊಯ್ಲಿನ ಹಿಂದಿನ ರಾತ್ರಿ ಅಪ್ಪ ಓಣಿಯಲ್ಲಿ ನಿಂತು, ಒಂದು ಚೂರೂ ಅಳುಕಿಲ್ಲದೆ, "ನಾಳೆ ನಮ್ಮದು, ಬರ್ರಪ್ಪಾ" ಅಂತ ಕೂಗುತ್ತಿದ್ದ. ಇವತ್ತು ನೀವು ನಮ್ಮ ಹೊಲಕ್ಕೆ, ನಾಡಿದ್ದು ನಾವು ನಿಮ್ಮ ಹೊಲಕ್ಕೆ. ಯಾರ ಮನೆಗೆ ಎಷ್ಟು ಆಳು ಹೋಗಿತ್ತು ಅನ್ನೋದು ಎಲ್ಲರ ತಲೆಯಲ್ಲೂ ಇರುತ್ತಿತ್ತು. ಲೆಕ್ಕ ಇರುವ ಕಡೆ ಹಂಗು ಇರಲಿಲ್ಲ. ಆಮೇಲೆ ಕೂಲಿ ಬಂತು, ಮೆಕ್ಕೆಜೋಳದ ಮಷಿನ್ ಬಂತು, ದುಡ್ಡು ಕೊಟ್ಟರೆ ಕೆಲಸ ಆಗತೊಡಗಿತು. ಯಾರನ್ನೂ ಕೇಳುವ ಅಗತ್ಯ ಇಲ್ಲದೇ ಹೋಯಿತು. ಅನುಕೂಲವೇನೋ ಆಯಿತು ಅನ್ನಿ. ಆದರೆ ಕೇಳುವ ಅಭ್ಯಾಸ ತಪ್ಪಿಹೋಯಿತು. ಟ್ಯಾಂಕರ್‌ಗೆ ಫೋನ್ ಮಾಡೋಕೆ ನನಗೆ ಒಂದು ನಿಮಿಷ ಬೇಕಾಗಲಿಲ್ಲ. ಇಪ್ಪತ್ತು ಹೆಜ್ಜೆ ಆಚೆಗಿನ ನೀರು ಕೇಳೋಕೆ ಕಾಲು ಬರಲಿಲ್ಲ.

ಕೈಮುಗಿದ ಚಿತ್ರಗಳು

ಆ 19 ದಿನ ನಾನು ಸುಮ್ನೆ ಕೂತಿರಲಿಲ್ಲ. ಕೇಳುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿದೆ. ಹೊಸ ಬೋರು ಕೊರೆಸೋಕೆ ಎಷ್ಟಾಗುತ್ತದೆ ಅಂತ ವಿಚಾರಿಸಿದೆ. ಸಸಿಯ ಬುಡಕ್ಕೆ ಒಣಹುಲ್ಲು ಹೊದಿಸಿದೆ. ಯೂಟ್ಯೂಬ್‌ನಲ್ಲಿ ಯಾರೋ ಹೇಳಿದ್ದು ಕೇಳಿ ಪ್ಲಾಸ್ಟಿಕ್ ಬಾಟಲಿಗೆ ತೂತು ಮಾಡಿ ಬುಡಕ್ಕೆ ಹೂತೆ, ನೂರಾರು ಬಾಟಲಿ. ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಮೆಸೇಜ್ ಕೂಡ ಹಾಕಿದೆ: "ಯಾರಾದರೂ ಬೋರ್ ನೀರು ಕೊಡುವವರಿದ್ದರೆ ದಯವಿಟ್ಟು ತಿಳಿಸಿ." ಗ್ರೂಪಿನಲ್ಲಿ 63 ಜನ. ಮೂರು ಕೈಮುಗಿದ ಚಿತ್ರ ಬಂದವು. ಒಬ್ಬ ಮಳೆ ಯಾವಾಗ ಬರುತ್ತದೆ ಅಂತ ಯಾವುದೋ ಭವಿಷ್ಯ ಫಾರ್ವರ್ಡ್ ಮಾಡಿದ. ಅಷ್ಟೇ. ದೊಡ್ಡಪ್ಪನ ಮಗನೂ ಆ ಗ್ರೂಪಿನಲ್ಲೇ ಇದ್ದಾನೆ ಅನ್ನೋದು ನನಗೆ ಗೊತ್ತಿತ್ತು. ಅವನು ಓದಿ ಅವನೇ ಬರಲಿ, ನಾನು ಕೇಳಿದ ಹಾಗೂ ಆಗಬಾರದು, ನೀರೂ ಬರಬೇಕು ಅನ್ನೋದು ನನ್ನ ಒಳಗಿನ ಉಪಾಯ.

ಇದರ ಬಗ್ಗೆಯೂ ನಾನು ಪಾಠ ಮಾಡುತ್ತೇನೆ ಅನ್ನೋದು ಇನ್ನೂ ನಾಚಿಕೆಗೇಡು. 1968ರಲ್ಲಿ ಜಾನ್ ಡಾರ್ಲಿ ಮತ್ತು ಬಿಬ್ ಲತಾನೆ ಅಮೆರಿಕದಲ್ಲಿ ಒಂದು ಪ್ರಯೋಗ ಮಾಡಿದ್ದರು. ಬೇರೆ ಬೇರೆ ಕೋಣೆಯಲ್ಲಿ ಕೂತು ಮೈಕಿನಲ್ಲಿ ಮಾತಾಡುವ ವಿದ್ಯಾರ್ಥಿಗಳು. ನಡುವೆ ಒಬ್ಬನಿಗೆ ಮೂರ್ಛೆ ಬಂದ ಹಾಗೆ ಧ್ವನಿ ಕೇಳಿಸುತ್ತದೆ. ಇದನ್ನು ಕೇಳುತ್ತಿರುವುದು ನಾನೊಬ್ಬನೇ ಅಂದುಕೊಂಡವರಲ್ಲಿ 85% ಜನ ಅವನ ಮಾತು ನಿಲ್ಲುವ ಮೊದಲೇ ಎದ್ದು ಹೋಗಿ ಹೇಳಿದರು. ಇನ್ನೂ ನಾಲ್ಕು ಜನ ಕೇಳುತ್ತಿದ್ದಾರೆ ಅಂದುಕೊಂಡವರಲ್ಲಿ ಹಾಗೆ ಎದ್ದದ್ದು 31%. ನಾಲ್ಕು ಜನ ಇದ್ದರೇ ಹೀಗೆ. ನಾನು ಕೇಳಿದ್ದು 63 ಜನರಲ್ಲಿ. ಎಲ್ಲರನ್ನೂ ಕೇಳುವುದು ಅಂದರೆ ಯಾರನ್ನೂ ಕೇಳದೇ ಇರುವುದಕ್ಕೆ ನಾವು ಕಂಡುಕೊಂಡ ಮರ್ಯಾದೆಯ ದಾರಿ, ಅಲ್ವಾ? ಒಬ್ಬರ ಮುಖ ನೋಡಿ ಕೇಳಿದರೆ ಅವರು ಇಲ್ಲ ಅನ್ನಬಹುದು. ಗ್ರೂಪು ಇಲ್ಲ ಅನ್ನುವುದಿಲ್ಲ, ಕೈಮುಗಿಯುತ್ತದೆ.

ಹದಿನೇಳನೇ ದಿನ ಮೋಟಾರಿನ ಹಳೇ ಬಿಲ್ ಹುಡುಕೋಕೆ ಅವ್ವನ ಟ್ರಂಕು ತೆಗೆದೆ. ಬಿಲ್ ಸಿಗಲಿಲ್ಲ, ಮುಯ್ಯಿ ಪುಸ್ತಕ ಸಿಕ್ಕಿತು. ಕೆಂಪು ರಟ್ಟಿನ ಉದ್ದ ಪುಸ್ತಕ, ಅಂಚು ಇಲಿ ತಿಂದಿದೆ, ಹಾಳೆಗಳಿಗೆ ಅರಿಶಿನದ ಕಲೆ. ಸುಮ್ನೆ ತಿರುಗಿಸುತ್ತಾ ಹೋದೆ. ಅಕ್ಕನ ಮದುವೆ, 1999. ಪಕ್ಕದ ಹೊಲದ ದೊಡ್ಡಪ್ಪನ ಹೆಸರು, ಮುಂದೆ "ಸ್ಟೀಲ್ ಬಿಂದಿಗೆ 1". ನನ್ನ ಮದುವೆ, 2001. ಅದೇ ಹೆಸರು, "ರೂ. 101". ಮನೆ ಕಟ್ಟಿ ಒಕ್ಕಲಾದದ್ದು, 2011. "ರೂ. 201". ಪ್ರತಿಯೊಂದರ ಮುಂದೆಯೂ ಸಣ್ಣದೊಂದು ಗೀಟು. ತಿರುಗಿ ಕೊಟ್ಟಾಗಿದೆ ಅಂತ ಅದರ ಅರ್ಥ. ಜಗಳ ಆದದ್ದು 1998ರಲ್ಲಿ. ಬರೆದ ಕೈ ಅಪ್ಪನದ್ದೇ, ಅವನ 'ದ' ಯಾವಾಗಲೂ ಸೊಟ್ಟ. ಇಬ್ಬರು ಗಂಡಸರು ಬೆನ್ನಿಗೆ ಬೆನ್ನು ಹಾಕಿ ಕೂತಿದ್ದ ಅಷ್ಟೂ ವರ್ಷ, ಎರಡು ಮನೆಯ ನಡುವೆ ಬಿಂದಿಗೆ, ನೂರೊಂದು ರೂಪಾಯಿ ಓಡಾಡುತ್ತಲೇ ಇದ್ದವು. ಅವ್ವನನ್ನು ಕೇಳಿದೆ. "ಮಾತು ಬಿಟ್ಟಿದ್ದು ಅವ್ರು. ನಾವ್ಯಾಕೆ ಮುಯ್ಯಿ ಬಿಡಾಣ?" ಅಂದಳು, ಅಕ್ಕಿ ಆರಿಸುತ್ತಾ, ತಲೆ ಎತ್ತದೆ.

ಬೇವಿನ ಮರದ ಕೆಳಗೆ

ಗೋಲ್‌ವಿಟ್ಸರ್ 1999ರಲ್ಲಿ ಬರೆದ ಇನ್ನೊಂದು ಲೇಖನ ಇದೆ. ಮಾಡಬೇಕು ಅಂದುಕೊಂಡದ್ದನ್ನು ಬರೀ ಮಾಡುತ್ತೇನೆ ಅಂತ ಬಿಡಬೇಡಿ. ಇಂಥ ಹೊತ್ತು, ಇಂಥ ಜಾಗ, ಇದು ಕಂಡ ಕೂಡಲೇ ಇದನ್ನು ಮಾಡುತ್ತೇನೆ ಅಂತ ಗಂಟು ಹಾಕಿಕೊಳ್ಳಿ, ಆಗ ಆಗುವ ಸಾಧ್ಯತೆ ಜಾಸ್ತಿ ಅನ್ನುತ್ತಾರೆ. ಹುಡುಗರಿಗೆ ಇದನ್ನು ಹೇಳಿಕೊಡುವಾಗ ನಾನು ಬೆಳಿಗ್ಗೆ ಐದಕ್ಕೆ ಏಳುವ ಉದಾಹರಣೆ ಕೊಡುತ್ತಿದ್ದೆ. ನಾನು ಐದಕ್ಕೆ ಎದ್ದವನಲ್ಲ. ಹತ್ತೊಂಬತ್ತನೇ ದಿನ ಮೊದಲ ಸಲ ಇದನ್ನು ನನ್ನ ಮೇಲೇ ಹಾಕಿ ನೋಡಿದೆ. ದೊಡ್ಡಪ್ಪ ರಾತ್ರಿ ಬ್ಯಾಟರಿ ಬಿಟ್ಟುಕೊಂಡು ಮೋಟಾರ್ ಹಾಕೋಕೆ ಬರುತ್ತಾರೆ. ನಾನು ಬೇವಿನ ಮರದ ಕೆಳಗೆ ಇರಬೇಕು. ಸ್ಟಾರ್ಟರ್ ಡಬ್ಬಿಯ ಬಾಗಿಲು ತೆಗೆದ ಸದ್ದು ಕೇಳಿದ ಕೂಡಲೇ ಬಲಗಾಲು ಬದುವಿನ ಆಚೆ.

ಹತ್ತೂವರೆಗೆ ಕರೆಂಟು ಬಂತು. ಅವರು ಬಂದರು. ತಗಡಿನ ಬಾಗಿಲು ಕಿರ್ ಅಂತು. ನಾನು ದಾಟಿದೆ. ದಾರಿಯುದ್ದಕ್ಕೂ ಒಂದು ಉದ್ದನೆಯ ಮಾತು ಜೋಡಿಸಿಕೊಂಡಿದ್ದೆ. ಹಳೆಯದನ್ನೆಲ್ಲ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ, ಅಪ್ಪನೂ ಒಂದು ನಮೂನೆ, ನೀವು ದೊಡ್ಡವರು, ಹೀಗೆ. ಬಾಯಿಗೆ ಬಂದದ್ದು ಇಷ್ಟು: "ದೊಡ್ಡಪ್ಪ, ನೀರು."

ಬ್ಯಾಟರಿ ಬೆಳಕು ಮುಖದ ಮೇಲೆ ಬಿತ್ತು. "ಯಾರು? ಓ, ನೀನಾ. ಯಾವಾಗ ಬಂದೆ? ಊಟ ಆತಾ?"

"ಆತು ದೊಡ್ಡಪ್ಪ. ನಮ್ಮ ಬೋರು..."

"ಗೊತ್ತೈತೆ ಬಿಡು. ಪೈಪ್ ಐತಾ ನಿನ್ ಹತ್ರ? ಇಲ್ಲಾಂದ್ರೆ ಮನೆ ಹಿಂದೆ ನಮ್ದೊಂದು ಸುರುಳಿ ಬಿದ್ದೈತೆ, ಎಳ್ಕೊಂಡು ಬಾ. ಬಾಳೆಗೆ ಎರಡು ಗಂಟೆ ಕಮ್ಮಿ ಬಿಟ್ರೆ ಏನ್ ಮುಳುಗಿ ಹೋಗಲ್ಲ."

ಅರ್ಧ ನಿಮಿಷ ಕೂಡ ಆಗಿರಲಿಕ್ಕಿಲ್ಲ. ಪೈಪು ಎಳೆದು ತಂದು, ಜೋಡಿಸಿ, ಮೊದಲ ಸಾಲಿಗೆ ನೀರು ಹರಿಯೋಕೆ ಶುರುವಾದ ಮೇಲೆ ಇಬ್ಬರೂ ಬದುವಿನ ಮೇಲೆ ಕೂತೆವು. ಆಗ ಕೇಳಿದರು. "ಅಲ್ಲ ಕಣಪ್ಪ, ಇಷ್ಟು ದಿನ ಯಾಕೆ ಕೇಳ್ಲಿಲ್ಲ? ದಿನಾ ನೋಡ್ತಿದ್ದೆ, ಸುಳಿ ಬಾಡ್ತಿತ್ತು. ನಾನೇ ಬಿಡ್ಲಾ ಅಂತ ನಿಮ್ಮವ್ವನ್ನ ಕೇಳಾಣ ಅಂದ್ಕಂಡೆ. ಆಮೇಲೆ ನಿಮ್ಮಪ್ಪ ನೆನಪಾದ. ಮಗನೂ ಹಂಗೇ ಏನೋ, ನಾವಾಗಿ ಹೋದ್ರೆ ತಪ್ಪು ತಿಳ್ಕಂತಾನೆ ಅಂತ ಸುಮ್ನಾದೆ."

ಬದುವಿನ ಆ ಕಡೆಯೂ 19 ದಿನ ಒಬ್ಬರು ಕೂತಿದ್ದರು ಅಂತ ಆಯಿತು.

ವಾರಕ್ಕೆ ಒಂದೆರಡು ರಾತ್ರಿಯಂತೆ, ಮೇ ತಿಂಗಳಲ್ಲಿ ಮಳೆ ಬೀಳುವ ತನಕ ನೀರು ಬಿಟ್ಟರು. ಒಟ್ಟು 11 ರಾತ್ರಿ. ಅವ್ವ ಅಷ್ಟೂ ರಾತ್ರಿಯನ್ನು ಲೆಕ್ಕ ಇಟ್ಟಿದ್ದಳು. ಮಳೆ ಬಿದ್ದ ಮಾರನೇ ದಿನ ಮುಯ್ಯಿ ಪುಸ್ತಕ ನನ್ನ ಮುಂದೆ ಹಿಡಿದು, ಬರಿ ಅಂದಳು. ಬರೆದೆ. "2024, ನೀರು, 11 ರಾತ್ರಿ." ಗೀಟು ಹಾಕುವ ಜಾಗ ಖಾಲಿ ಇದೆ.

ಇಲ್ಲ ಅನ್ನೋದು ಎಷ್ಟು ಕಷ್ಟ

ಫ್ರಾನ್ಸಿಸ್ ಫ್ಲಿನ್ ಮತ್ತು ವನೆಸ್ಸಾ ಲೇಕ್ ಅನ್ನುವ ಇಬ್ಬರು 2008ರಲ್ಲಿ ಪ್ರಕಟಿಸಿದ ಸಂಶೋಧನೆಯನ್ನು ನಾನು ಓದಿದ್ದು ಇದೆಲ್ಲ ಆದ ಮೇಲೆ. ಮೊದಲೇ ಓದಿದ್ದರೂ ಬದು ದಾಟುತ್ತಿದ್ದೆ ಅನ್ನೋ ನಂಬಿಕೆ ಇಲ್ಲ, ಅದು ಬೇರೆ ವಿಷಯ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಟ್ಟರು. ಗುರುತಿಲ್ಲದ ಐದು ಜನರಿಂದ ಒಂದು ಪ್ರಶ್ನೆಪಟ್ಟಿ ತುಂಬಿಸಿಕೊಂಡು ಬರಬೇಕು. ಹೊರಡುವ ಮೊದಲು, ಎಷ್ಟು ಜನರನ್ನು ಕೇಳಬೇಕಾಗಬಹುದು ಅಂತ ಊಹೆ ಬರೆಸಿಕೊಂಡರು. ಸುಮಾರು 20 ಅಂದರು. ನಿಜವಾಗಿ ಬೇಕಾದದ್ದು ಸುಮಾರು 10. ಫೋನ್ ಕೊಡಿ, ಒಂದು ಕರೆ ಮಾಡಬೇಕು ಅಂತ ಮೂರು ಜನರಿಂದ ಇಸ್ಕೊಳ್ಳುವುದಕ್ಕೂ ಹಾಗೇ. ಊಹೆ 10, ನಿಜ 6ರ ಹತ್ತಿರ. ನಮ್ಮ ತರಗತಿಯಲ್ಲಿ ಇದನ್ನು ಹೇಳಿದಾಗ ಹಿಂದಿನ ಬೆಂಚಿನ ಒಬ್ಬ ಹುಡುಗ ಮಧ್ಯಾಹ್ನ ಜಯದೇವ ಸರ್ಕಲ್‌ಗೆ ಹೋಗಿ ಫೋನ್ ಕೇಳಿ ಬಂದ. ಮೊದಲನೆಯವರೇ ಕೊಟ್ಟರಂತೆ. ಜೊತೆಗೆ, "ಯಾಕಪ್ಪ, ಮನೇಲಿ ಎಲ್ಲ ಆರಾಮಾ?" ಅಂತ ವಿಚಾರಿಸಿದರಂತೆ. ಸುಳ್ಳು ಹೇಳೋಕಾಗದೆ ಇವನು ನಿಜವಾಗಿಯೂ ಮನೆಗೇ ಫೋನ್ ಮಾಡಿದ. ಅವನಮ್ಮ ಗಾಬರಿಯಾದರು.

ಈ ಸಂಶೋಧನೆಯನ್ನು "ಕೇಳಿ, ಸಿಗುತ್ತೆ" ಅನ್ನುವ ಹುರುಪಿನ ಮಾತಿಗೆ ಉದಾಹರಣೆಯಾಗಿ ಬಳಸುವವರು ಜಾಸ್ತಿ. ನಾನೂ ಮೊದಲು ಹಾಗೇ ಬಳಸಿದೆ. ಆದರೆ ಅವರು ಕೊಡುವ ಕಾರಣ ಅಷ್ಟು ಸಿಹಿಯಾಗಿಲ್ಲ. ಕೇಳುವವನು ಯೋಚಿಸುವುದು, ಈ ಕೆಲಸ ಮಾಡೋಕೆ ಅವರಿಗೆ ಎಷ್ಟು ತೊಂದರೆ ಅಂತ. ಕೇಳಿಸಿಕೊಂಡವರು ಒದ್ದಾಡುವುದು, ಇವನ ಮುಖದ ಎದುರು ಇಲ್ಲ ಅನ್ನೋದು ಹೇಗೆ ಅಂತ. ಆ ಒದ್ದಾಟ ಕೇಳುವವನ ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ಅವನ ಊಹೆ ತಪ್ಪುತ್ತದೆ. ಇದಕ್ಕೆ ಇಂಗ್ಲಿಷಿನವರು ಎರಡು ಪುಟ ವಿವರಣೆ ಕೊಡಬೇಕು. ನಮಗೆ ಒಂದು ಪದ ಸಾಕು, ದಾಕ್ಷಿಣ್ಯ. ದಾಕ್ಷಿಣ್ಯಕ್ಕೆ ಸಿಕ್ಕಿದವಳ ಗಾದೆಯೂ ನಮ್ಮಲ್ಲಿದೆ, ಇಲ್ಲಿ ಬರೆಯುವಂಥದ್ದಲ್ಲ. ನಾನು 19 ದಿನ ನನ್ನ ಹಂಗಿನ ಬಗ್ಗೆಯೇ ಯೋಚಿಸಿದ್ದೆ. ಎದುರಿನವರಿಗೆ ದಾಕ್ಷಿಣ್ಯ ಅಂತ ಒಂದಿರುತ್ತದೆ ಅನ್ನೋದು ಹೊಳೆಯಲೇ ಇಲ್ಲ. ಹೊಳೆದಿದ್ದರೆ ಮುಂದಿನ ತಪ್ಪು ಮಾಡುತ್ತಿರಲಿಲ್ಲ.

ದೊಡ್ಡಪ್ಪ ಅರ್ಧ ನಿಮಿಷದಲ್ಲಿ ಒಪ್ಪಿದರಲ್ಲ, ನನಗೆ ಧೈರ್ಯ ಬಂದುಬಿಟ್ಟಿತು. ಕೇಳಿದರೆ ಆಗುತ್ತದೆ! ನೀರು ಬಿಡುವ ರಾತ್ರಿ ಊರಿನಲ್ಲಿ ಇರಬೇಕು ಅಂದರೆ ಶನಿವಾರ ಕಾಲೇಜು ತಪ್ಪಿಸಬೇಕು. ನಮ್ಮಲ್ಲಿ ಒಬ್ಬ ಅತಿಥಿ ಉಪನ್ಯಾಸಕಿ ಇದ್ದಾರೆ. ನನಗಿಂತ 20 ವರ್ಷ ಚಿಕ್ಕವರು, ಕೆಲಸ ಚೊಕ್ಕ. "ಮೇಡಂ, ಒಂದು ಸಣ್ಣ ಸಹಾಯ" ಅಂತ ಹೋದೆ. ಆ 'ಸಣ್ಣ' ಅನ್ನೋ ಪದವನ್ನು ಗಮನಿಸಿ, ಅದರಲ್ಲೇ ಎಲ್ಲ ಇದೆ. ನನ್ನ ಶನಿವಾರದ ತರಗತಿ, ಜೊತೆಗೆ ಹುಡುಗರ ಪಾಠಯೋಜನೆ ಪುಸ್ತಕ ತಿದ್ದುವುದು. ಒಟ್ಟು 40 ಪುಸ್ತಕ. ಅವರು ಪುಸ್ತಕದ ರಾಶಿ ನೋಡಿದರು, ನನ್ನನ್ನು ನೋಡಿದರು. ಒಂದು ಕ್ಷಣ ಬಿಟ್ಟು, "ಅದಕ್ಕೇನು ಸಾರ್, ಕೊಡಿ" ಅಂದರು. ಮುಂದಿನ ಶನಿವಾರವೂ ಹೋದೆ. ಅದರ ಮುಂದಿನ ಶನಿವಾರ ನಾನು ಕೇಳಲೂ ಇಲ್ಲ, ಪುಸ್ತಕ ಅವರ ಮೇಜಿನ ಮೇಲೆ ಇಟ್ಟು ಬಸ್ಸು ಹತ್ತಿದೆ.

ಜೂನ್‌ನಲ್ಲಿ ಇನ್ನೊಬ್ಬ ಸಹೋದ್ಯೋಗಿ ಮಾತಿನ ಮಧ್ಯೆ ಹೇಳಿದರು. ಆ ಮೇಡಂ ಕೆ-ಸೆಟ್‌ಗೆ, ಅಂದರೆ ಉಪನ್ಯಾಸಕರ ಅರ್ಹತಾ ಪರೀಕ್ಷೆಗೆ, ಓದುತ್ತಿದ್ದರಂತೆ. ಮಗು ಸಣ್ಣದು. ವಾರದಲ್ಲಿ ಅತ್ತೆ ಬಂದು ಮಗು ನೋಡಿಕೊಳ್ಳುವುದು ಶನಿವಾರ, ಭಾನುವಾರ ಮಾತ್ರ. ಓದು ಅಂತ ಏನಾದರೂ ಆಗುತ್ತಿದ್ದದ್ದು ಆ ಎರಡೇ ದಿನ. ಅದರಲ್ಲಿ ಒಂದನ್ನು ನಾನು ಎತ್ತಿಕೊಂಡಿದ್ದೆ. ಭದ್ರಾ ನಾಲೆಯ ಕೊನೆ ಭಾಗದವರ ಗೋಳು ನಮ್ಮ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಮೇಲಿನವರು ತೂಬು ಎತ್ತಿಕೊಂಡರೆ ಕೆಳಗಿನವರಿಗೆ ಬರೀ ಕಾಲುವೆ. ಮೇಲಿನವರನ್ನು ಬೈದುಕೊಂಡೇ ಬೆಳೆದವನು ನಾನು. ನನ್ನ ಸಸಿಗೆ ನೀರು ಬಿಡುವ ಭರದಲ್ಲಿ ಯಾರ ತೂಬು ಎತ್ತಿದೆ ಅಂತ ನೋಡಿರಲಿಲ್ಲ. ತಪ್ಪಾಯಿತು ಅಂತ ಹೇಳೋಕೆ ಹೋದರೆ, "ಅಯ್ಯೋ, ಬಿಡಿ ಸಾರ್" ಅಂದರು. ಅದೂ ದಾಕ್ಷಿಣ್ಯವೇ.

ನಮ್ಮ ಭಾಷೆಯಲ್ಲಿ ಕೇಳುವುದು ಅಂದರೆ ಎರಡೂ. ಬೇಕು ಅಂತ ಕೇಳುವುದೂ ಅದೇ, ಕಿವಿಗೊಟ್ಟು ಕೇಳುವುದೂ ಅದೇ. ಆಕೆ "ಅದಕ್ಕೇನು" ಅನ್ನುವ ಮೊದಲು ಒಂದು ಕ್ಷಣ ಬಿಟ್ಟರಲ್ಲ, ಇಲ್ಲ ಅನ್ನೋದು ಅಲ್ಲೇ ಇತ್ತು. ಅದು ನನ್ನ ಕಿವಿಗೆ ಬೀಳಲಿಲ್ಲ.

ಆಮೇಲಿಂದ ಏನಾದರೂ ಕೇಳುವಾಗ, "ಆಗದಿದ್ದರೆ ಆಗಲ್ಲ ಅನ್ನಿ ಮೇಡಂ, ಬೇಜಾರಿಲ್ಲ" ಅಂತ ಸೇರಿಸತೊಡಗಿದೆ. ಭಾರೀ ಸಜ್ಜನಿಕೆ ಅಂದುಕೊಂಡಿದ್ದೆ. ಅದಕ್ಕೂ ಒಂದು ಸಂಶೋಧನೆ ಅಡ್ಡ ಬಂತು ನೋಡಿ. ಫ್ರಾನ್ಸಿನಲ್ಲಿ ಇಬ್ಬರು 2000ದಲ್ಲಿ ಪ್ರಕಟಿಸಿದ್ದು. ಬಸ್ಸಿಗೆ ಚಿಲ್ಲರೆ ಕೊಡಿ ಅಂತ ದಾರಿಯಲ್ಲಿ ಹೋಗುವವರನ್ನು ಕೇಳುವಾಗ, ಕೊಡೋದು ಬಿಡೋದು ನಿಮ್ಮಿಷ್ಟ ಅಂತ ಸೇರಿಸಿದರೆ ಕೊಡುವವರು ಇನ್ನೂ ಜಾಸ್ತಿಯಾಗುತ್ತಾರೆ! ಹಗ್ಗ ಸಡಿಲ ಬಿಟ್ಟೆ ಅಂದುಕೊಂಡರೆ ಅದು ಇನ್ನಷ್ಟು ಬಿಗಿದಿರುತ್ತದೆ. ಹಾಗಾದರೆ ಕೇಳೋದು ಹೇಗೆ ಮಾರಾಯರೇ? ನನಗೆ ಸದ್ಯಕ್ಕೆ ಹೊಳೆದಿರುವುದು ಒಂದೇ. ಕೇಳಿ, ಉತ್ತರಕ್ಕೆ ಕಾಯದೆ ಅಲ್ಲಿಂದ ಎದ್ದು ಹೋಗುವುದು. ಇಲ್ಲ ಅನ್ನೋದನ್ನು ನನ್ನ ಮುಖದ ಎದುರು ಹೇಳಬೇಕಾಗಿಲ್ಲ, ನಾಳೆ ಮೆಸೇಜ್ ಹಾಕಿದರೆ ಸಾಕು. ಗ್ರೂಪನ್ನು ಬೈದ ಬಾಯಲ್ಲೇ ಈಗ ಮೆಸೇಜನ್ನು ಹೊಗಳುತ್ತಿದ್ದೇನೆ, ಗೊತ್ತು. ಹೋದ ಸೆಮಿಸ್ಟರ್‌ನಲ್ಲಿ ಆಕೆಯಿಂದ ಒಂದು ಮೆಸೇಜ್ ಬಂತು. "ಸಾರ್, ಈ ಸಲ ಆಗಲ್ಲ." ನಾಲ್ಕೇ ಪದಕ್ಕೆ ಸ್ವಲ್ಪ ಚುರುಕ್ ಅಂತು. ಪುಸ್ತಕದ ರಾಶಿ ಬೈಕಿಗೆ ಕಟ್ಟಿಕೊಂಡು ಮನೆಗೆ ಬಂದು, ಭಾನುವಾರ ಪೂರ್ತಿ ತಿದ್ದಿದೆ. ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಅವತ್ತು ಗೊತ್ತಾಯಿತು.

ಸುರುಳಿ ಪೈಪು

ಕಳೆದ ತಿಂಗಳು ಒಂದು ಭಾನುವಾರ ದೊಡ್ಡಪ್ಪ ದಾವಣಗೆರೆಯ ನಮ್ಮ ಮನೆಗೆ ಬಂದರು. ಮೊದಲ ಸಲ. ಕೈಯಲ್ಲಿ ಒಂದು ಗೊನೆ ಬಾಳೆಹಣ್ಣು. ಕೂತರು. ಸೂಳೆಕೆರೆಯಲ್ಲಿ ಈ ಸಲ ನೀರು ಎಷ್ಟಿದೆ ಅಂತ ಹೇಳಿದರು. ಅಡಿಕೆ ರೇಟು ಹೇಳಿದರು. ನಮ್ಮ ಬೀದಿಯ ಚರಂಡಿ ಬಗ್ಗೆ ವಿಚಾರಿಸಿದರು. ಎರಡು ಸಲ ಕಾಫಿ ಆಯಿತು. ಏನೋ ಕೇಳೋಕೆ ಬಂದಿದ್ದಾರೆ ಅಂತ ಮೊದಲ ಐದು ನಿಮಿಷದಲ್ಲೇ ಗೊತ್ತಾಗಿತ್ತು. ಅವರೂ ಒಂದು ಬದುವಿನ ಮೇಲೆ ನಿಂತಿದ್ದರು. ನಾನು ಟಿವಿ ಆರಿಸಿದೆ.

"ಅಲ್ಲಪ್ಪಾ, ನಮ್ಮ ಮೊಮ್ಮಗಳಿಗೆ ಇಲ್ಲೇ ಪಿಯುಸಿ ಸೀಟಾಗೈತೆ. ಹಾಸ್ಟೆಲ್ ಸಿಗಾಕೆ ಇನ್ನೂ ಎರಡು ತಿಂಗಳು ಅಂತಾರೆ. ಅಲ್ಲೀತಂಕ ನಿಮ್ಮನೇಲಿ..."

ನಮ್ಮದು ಎರಡು ರೂಮಿನ ಮನೆ. ಮಗ ಒಂದರಲ್ಲಿ ಸಿಇಟಿಗೆ ಓದುತ್ತಾನೆ. ಅಡುಗೆಮನೆಯಲ್ಲಿ ಲೋಟ ಇಟ್ಟ ಸದ್ದು ಸ್ವಲ್ಪ ಜೋರಾಗಿಯೇ ಕೇಳಿಸಿತು. ಮುಯ್ಯಿ ಪುಸ್ತಕದಲ್ಲಿ ಗೀಟಿಲ್ಲದ ಸಾಲು ಕಣ್ಣ ಮುಂದೆ ಬಂತು. 11 ರಾತ್ರಿ.

"ಅದಕ್ಕೇನು ದೊಡ್ಡಪ್ಪ" ಅಂದೆ. ಅನ್ನುವ ಮೊದಲು ಒಂದು ಕ್ಷಣ ತಡವಾಯಿತು.

ಅವರು ಟವೆಲ್ ಕೊಡವಿ ಎದ್ದು ನಿಂತರು. "ಅವಸರ ಇಲ್ಲ. ಮನೇಲಿ ಕೇಳ್ಕಂಡು ಹೇಳು. ಬುಧವಾರದೊಳಗೆ ಒಂದು ಫೋನ್ ಹಾಕು ಸಾಕು." ಚಪ್ಪಲಿ ಮೆಟ್ಟಿಕೊಂಡು, ಗೇಟಿನ ಹತ್ತಿರ ಹೋಗಿ ತಿರುಗಿದರು. "ಆಗಲ್ಲ ಅಂದ್ರೂ ಪೈಪ್ ವಾಪಸ್ ಕೇಳಲ್ಲ ಕಣಯ್ಯ, ಹೆದರ್ಬೇಡ."

ಪೈಪು ಇನ್ನೂ ನಮ್ಮ ತೋಟದಲ್ಲೇ ಬಿದ್ದಿದೆ.